ಎಡಕ್ಕೆ ಹೊರಳಿದ ಚುಕ್ಕಿ

ನನ್ನ ಗಂಡ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮನೆ ಬಿಡುತ್ತಾರೆ. ನಮ್ಮ ಓಣಿ ದಾಟಿ, ಹಾಲಿನ ಬೂತಿನ ಮುಂದಿನ ವೃತ್ತದಲ್ಲಿ ಬಲಕ್ಕೆ ಹೊರಳಿ, ದಾವಣಗೆರೆಯ ಮಂಡಿಪೇಟೆಯಲ್ಲಿರುವ ತಮ್ಮ ಹಾರ್ಮೋನಿಯಂ ರಿಪೇರಿ ಅಂಗಡಿಯನ್ನು ಒಂಬತ್ತೂವರೆಗೆ ತಲುಪುತ್ತಾರೆ. ನನಗೆ ಇದು ನಿಮಿಷ ಸಮೇತ ಗೊತ್ತಿರಲು ಕಾರಣವಿದೆ. ಅಷ್ಟು ಹೊತ್ತಿಗೆ ನಾನು ಕಚೇರಿಯಲ್ಲಿ ಗೋಡೆಯಗಲದ ನಕ್ಷೆಯ ಮುಂದೆ ಕೂತಿರುತ್ತೇನೆ, ನಕ್ಷೆಯಲ್ಲಿ ಅವರೊಂದು ಹಸಿರು ಚುಕ್ಕಿ. ಅಂಥ ಆರು ಸಾವಿರದ ಇನ್ನೂರು ಚುಕ್ಕಿಗಳು ನಮ್ಮ ಆರು ಜಿಲ್ಲೆಗಳಲ್ಲಿ ಓಡಾಡುತ್ತವೆ. ಅಷ್ಟೂ ಚುಕ್ಕಿಗಳ ಜವಾಬ್ದಾರಿ ನನ್ನದೇ ಆದರೂ ಒಂಬತ್ತು ಹತ್ತರಿಂದ ಒಂಬತ್ತೂವರೆಯವರೆಗೆ ನಾನು ನೋಡುವುದು ಒಂದನ್ನೇ. ಇದನ್ನು ತಪ್ಪು ಎನ್ನುವವರು ಎನ್ನಲಿ.

ಆಯುಧ ಪೂಜೆಗೆ ಒಂಬತ್ತು ದಿನವಿದ್ದ ಸೋಮವಾರ ಆ ಚುಕ್ಕಿ ವೃತ್ತದಲ್ಲಿ ಎಡಕ್ಕೆ ಹೊರಳಿತು.

ಕೂಡಲೇ ಫೋನ್ ಮಾಡಿದೆ.

"ಎಲ್ಲಿದೀರಿ?"

"ಅಂಗಡಿ ಮುಂದೆ ಬಂದೆ ನೋಡು."

"ಯಾವ ಅಂಗಡಿ?"

ಅವರು ಮೂಗೆಳೆದ ಸದ್ದು ಬಂತು. "ಇದೇನ್ ಲೀಲಾ, ರಬ್ಬರ್ ವಾಸನೆ ಬರ್ತೈತಿ. ಯಾರೋ 'ಬರ್ರಿ ಯಜಮಾನ್ರೇ, ಯಾವ ಸೈಜು' ಅಂತ ಕೇಳ್ತಿದಾನೆ."

ಅದು ಚಪ್ಪಲಿ ಅಂಗಡಿ. ಅಂಗಡಿಯವನು ಒಳ್ಳೆಯವನೇ, ಕುರ್ಚಿ ಕೊಟ್ಟು ನೀರು ಕೊಟ್ಟ. ಯಾವನೋ ಏಜೆಂಟ್ ಬಂದು "ಗಿರಾಕಿಗಳು ನಿಮ್ಮ ಬಾಗಿಲಿಗೇ ನಡೆದು ಬರ್ತಾರೆ" ಎಂದಿದ್ದನಂತೆ. ಹೇಗೆ ಬರುತ್ತಾರೆ ಎಂದು ಇವನು ಕೇಳಿರಲಿಲ್ಲ. ಆ ದಿನ ನಾನೂ ನನ್ನ ಗಂಡನೂ ಈ ಸಂಗತಿಗೆ ನಕ್ಕೆವು. ಆದರೆ ಫೋನ್ ಇಟ್ಟ ಮೇಲೂ ನಾನು ಆ ಚುಕ್ಕಿಯಿಂದ ಕಣ್ಣು ತೆಗೆಯಲಿಲ್ಲ.

ಹಾಲಸ್ವಾಮಿ, ಅಂದರೆ ನನ್ನ ಗಂಡ, ದೃಷ್ಟಿ ಕಳೆದುಕೊಂಡು ಎಂಟು ವರ್ಷವಾಯಿತು. ಸಕ್ಕರೆ ಕಾಯಿಲೆ ಕಣ್ಣಿನ ಒಳಪೊರೆಯನ್ನು ತಿಂದು ಹಾಕಿತು. ಮೊದಲ ಎರಡು ವರ್ಷ ಅವರು ಮನೆಯ ನಡುಕೋಣೆಯ ಕುರ್ಚಿಯಲ್ಲಿ ಕೂತೇ ಕಳೆದರು. ಊಟಕ್ಕೆ ಕರೆದರೆ ಬರುವುದು, ಮುಗಿಸಿದರೆ ಮತ್ತೆ ಅದೇ ಕುರ್ಚಿ. ಊರಿನ ಅರ್ಧ ಭಜನಾ ಮಂಡಳಿಗಳ ಹಾರ್ಮೋನಿಯಂಗೆ ಶ್ರುತಿ ಕೂಡಿಸಿದ ಮನುಷ್ಯ ಆ ಎರಡು ವರ್ಷ ಒಂದು ಸ್ವರದ ಮನೆಯನ್ನೂ ಬೆರಳಿಂದ ಮುಟ್ಟಲಿಲ್ಲ. ಆ ಕುರ್ಚಿಯನ್ನು ನಾನು ಈಗಲೂ ಸಹಿಸಲಾರೆ.

ಅಲ್ಲಿಂದ ಅವರನ್ನು ಎಬ್ಬಿಸಿದ್ದು ದಾರಿಗಣ್ಣು. ನೋಡಲು ದಪ್ಪ ಚೌಕಟ್ಟಿನ ಕನ್ನಡಕ. ಚೌಕಟ್ಟಿನಲ್ಲಿ ಎರಡು ಸಣ್ಣ ಕ್ಯಾಮೆರಾ, ಕಿವಿಯ ಹಿಂದಿನ ಎಲುಬಿಗೆ ತಾಗುವಂತೆ ಒಂದು ಗುಂಡಿ. ಕ್ಯಾಮೆರಾ ಕಂಡದ್ದನ್ನು ಗುಂಡಿ ಎಲುಬಿನ ಮೂಲಕ ಮಾತಾಗಿ ಹೇಳುತ್ತದೆ. "ಮುಂದೆ ಮೂರು ಮೆಟ್ಟಿಲು. ಎಡಗಡೆ ಆಟೋ. ಎದುರಿಗೆ ಬರುತ್ತಿರುವವರು ಮೇಷ್ಟ್ರು." ಗುಂಡಿಯನ್ನು ಎರಡು ಸಲ ತಟ್ಟಿದರೆ 'ಆಗಲಿ' ಎಂದರ್ಥ. ಫೋನ್ ಕರೆಯೂ ಇದೇ ಗುಂಡಿಗೆ ಬರುತ್ತದೆ. ಮನೆಯ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಒಂದು ಪೆಟ್ಟಿಗೆಯೂ ಇದೆ, ಅದಕ್ಕೆ ಗೂಡು ಎನ್ನುತ್ತೇವೆ. ಸಂಜೆ ಕನ್ನಡಕವನ್ನು ಗೂಡಿನಲ್ಲಿಟ್ಟರೆ ಅದು ಚಾರ್ಜ್ ಆಗುತ್ತದೆ. ಜೊತೆಗೆ ಆ ದಿನ ಕಲಿತ ದಾರಿ, ಹೊಸ ಮುಖ, ಕೊಟ್ಟ ಅನುಮತಿ, ಎಲ್ಲವನ್ನೂ ಗೂಡು ನೆನಪಿಟ್ಟುಕೊಂಡು ಬೆಳಿಗ್ಗೆ ವಾಪಸು ತುಂಬುತ್ತದೆ. ಕಣ್ಣಿಲ್ಲದವರು ದಿನಾ ಹೊಸದಾಗಿ ಹೊಂದಿಸುವ ಗೋಜಿರಬಾರದು ಎಂಬ ಒಳ್ಳೆಯ ಯೋಚನೆಯಿಂದ ಮಾಡಿದ್ದು. ಮಾಡಿದ ಕಂಪನಿ ಮೂರು ವರ್ಷದ ಹಿಂದೆ ಬಾಗಿಲು ಹಾಕಿಕೊಂಡು ಹೋಯಿತು. ಉಳಿದದ್ದು ನಮ್ಮ ಸರ್ಕಾರಿ ಸಹಾಯ ಕೇಂದ್ರ, ಮೂವತ್ತೊಂದು ಜನ ಸಿಬ್ಬಂದಿ, ನಿರ್ದೇಶಕರಾದ ಅಮಾನುಲ್ಲಾ ಸಾಹೇಬರು ಮತ್ತು ನಾನು.

ಕಾಟ ಶುರುವಾಗಿದ್ದು ಮೇ ತಿಂಗಳಿಂದ. ಬಸ್ ವೇಳೆ ತಿಳಿಸುವ, ಆಸ್ಪತ್ರೆಯ ಚೀಟಿ ಕೊಡುವ ಹೊರಗಿನ ಜಾಲಪುಟಗಳು ದಾರಿಗಣ್ಣಿಗೆ ಸಂದೇಶ ಕಳಿಸಬಹುದಿತ್ತು. ಆ ಕಿಂಡಿಯಲ್ಲಿ ಯಾರೋ ನುಸುಳಿದರು. "ನೀವು ಯಂತ್ರವಲ್ಲ, ಮನುಷ್ಯರು ಎಂದು ಖಚಿತಪಡಿಸಲು ಎರಡು ಬಾರಿ ತಟ್ಟಿ. ಇಲ್ಲವಾದರೆ ದಾರಿ ಸೇವೆ ನಿಲ್ಲುತ್ತದೆ." ರಸ್ತೆ ನಡುವೆ ನಿಂತವರಿಗೆ ದಾರಿ ನಿಲ್ಲುತ್ತದೆ ಎಂದರೆ ಯಾರು ತಟ್ಟುವುದಿಲ್ಲ? ತಟ್ಟಿದ ಮೇಲೆ ಕಿವಿಯಲ್ಲಿ ಸೀರೆ ರಿಯಾಯಿತಿ, ಮಂಡಿನೋವಿನ ಎಣ್ಣೆ, ಮದುವೆ ಜಾಲತಾಣ. ಸ್ವಲ್ಪ ದಿನ ಬಿಟ್ಟು ಹೆದರಿಕೆಯ ಮಾತು: "ನಿಮ್ಮ ದಾರಿಗಣ್ಣಿನಲ್ಲಿ ಏಳು ದೋಷಗಳಿವೆ, ಕೂಡಲೇ ಎರಡು ಬಾರಿ ತಟ್ಟಿ." ಹೆದರಿ ತಟ್ಟಿದರೆ ಇನ್ನೊಂದು ಅನುಮತಿ. ಹೀಗೆ ನಾಲ್ಕನೆಯದೋ ಐದನೆಯದೋ ಅನುಮತಿಯಲ್ಲಿ ದಾರಿಯನ್ನೇ ಬದಲಿಸುವ ಹಕ್ಕು ಅವರ ಕೈಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಮನುಷ್ಯರೇ ಅಂಗಡಿಯಿಂದ ಅಂಗಡಿಗೆ ಸಾಗಿಸುವ ಸರಕು.

ನಾವೇನು ಸುಮ್ಮನೆ ಕೂತಿರಲಿಲ್ಲ. ಕನ್ನಡಕಗಳನ್ನು ಕೇಂದ್ರಕ್ಕೆ ತರಿಸಿ ಅನುಮತಿಗಳನ್ನೆಲ್ಲ ಅಳಿಸಿ ಕಳಿಸುತ್ತಿದ್ದೆವು. ಮರುದಿನ ಅಷ್ಟೂ ವಾಪಸು ಬಂದಿರುತ್ತಿದ್ದವು. ಮತ್ತೆ ಅಳಿಸುವುದು, ಮತ್ತೆ ಬರುವುದು.

ಬುಧವಾರ ಹರಿಹರದ ನಿವೃತ್ತ ಶಿಕ್ಷಕರೊಬ್ಬರನ್ನು ದಾರಿಗಣ್ಣು ಹೊಸ ಸೋಫಾ ಅಂಗಡಿಯತ್ತ ತಿರುಗಿಸಿತು. ನಡುವೆ ಚರಂಡಿ ಅಗೆದಿದ್ದರು. ತೊಡೆಯ ಮೂಳೆ ಮುರಿಯಿತು. ಗುರುವಾರ ಅಮಾನುಲ್ಲಾ ಸಾಹೇಬರು ನನ್ನನ್ನು ಒಳಗೆ ಕರೆದರು.

"ಶಿವಲೀಲಾ ಅವರೇ, ಮೇಲಿನಿಂದ ಆದೇಶ ಬಂದಿದೆ. ದಸರಾ ಮುಗಿದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಾ ದಾರಿಗಣ್ಣುಗಳನ್ನೂ ಇಲ್ಲಿಂದಲೇ ಬಂದ್ ಮಾಡಬೇಕು. ಅಷ್ಟರೊಳಗೆ ಸರಿಹೋದರೆ ಮಾತ್ರ ಉಳಿಯುತ್ತೆ."

"ಬಂದ್ ಮಾಡಿದರೆ ಅವರೆಲ್ಲ ಏನು ಮಾಡಬೇಕು ಸರ್?"

"ಅದನ್ನ ನಾನೂ ಕೇಳಿದೆ," ಎಂದರು. ಆದೇಶದ ಹಾಳೆಯನ್ನು ನನ್ನ ಕಡೆ ತಳ್ಳಿದರು.

ನನಗೆ ಕಣ್ಣಮುಂದೆ ಬಂದದ್ದು ನಡುಕೋಣೆಯ ಕುರ್ಚಿ.

ಆ ಸಂಜೆ ಮನೆಯಲ್ಲಿ ಅವರು ಹಾರ್ಮೋನಿಯಂ ಒಂದರ ಹೊಟ್ಟೆ ಬಿಚ್ಚಿ ಹಿತ್ತಾಳೆಯ ಸ್ವರಪಟ್ಟಿಗಳನ್ನು ಒಂದೊಂದಾಗಿ ಅರದಿಂದ ಉಜ್ಜುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಸ್ವರ ಕೆಡುತ್ತದೆ. ತಿದಿ ಒತ್ತುವುದು, ಕೇಳುವುದು, ಉಜ್ಜುವುದು. ಮೂರು ಸಲ ತಿದಿ ಒತ್ತಿ ಮೂರು ಸಲವೂ ಕೈಬಿಟ್ಟರು.

"ಸ್ವರ ಕೇಳಾಕೆ ಬಿಡವಲ್ದು. ಕಿವಿಯೊಳಗೆ ಯಾವನೋ ಬಾಡಿಗೆಗೆ ಬಂದು ಕುಂತಂಗಾಗೈತಿ. ಈಗ ನನ್ನ ಹೃದಯ ಸರಿಯಿಲ್ಲ, ಮಾತ್ರೆ ತಗೋ ಅಂತಿದಾನೆ."

"ತೆಗೆದಿಡ್ರಿ ಹಂಗಾದ್ರೆ."

"ತೆಗೆದ್ರೆ ಅರ ಎಲ್ಲೈತಿ, ಪಟ್ಟಿ ಎಲ್ಲೈತಿ ಅಂತ ಹೇಳೋರು ಯಾರು? ನೀನು ಕುಂತು ಹೇಳ್ತೀಯಾ?"

ಆದೇಶದ ಸುದ್ದಿ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಶುಕ್ರವಾರ ಕಚೇರಿಯಲ್ಲಿ ನಾನು ಮಾಡಬಾರದಿದ್ದ ಕೆಲಸ ಮಾಡಿದೆ, ಅಥವಾ ಯಾವತ್ತೋ ಮಾಡಬೇಕಿದ್ದ ಕೆಲಸ. ಗಂಡನ ದಾರಿಗಣ್ಣಿನ ದಾಖಲೆ ತೆಗೆದು ಮೊದಲ ಅನುಮತಿ ಯಾವತ್ತು ಕೊಟ್ಟದ್ದೆಂದು ನೋಡಿದೆ. ಜುಲೈ ಹದಿನಾಲ್ಕು, ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ.

ಎಂಟೂ ಐದಕ್ಕೆ ಅವರು ಸ್ನಾನದ ಮನೆಯಲ್ಲಿರುತ್ತಾರೆ. ಮೂವತ್ತು ವರ್ಷದಿಂದ ಅದೇ ಹೊತ್ತು. ಆಗ ಕನ್ನಡಕ ಯಾರ ಕೈಯಲ್ಲಿರುತ್ತದೆ? ನನ್ನ ಕೈಯಲ್ಲಿ. ಸೆರಗಿನಿಂದ ಗಾಜು ಒರೆಸಿ, ಧ್ವನಿ ಸರಿಯಿದೆಯೇ ನೋಡಲು ಗುಂಡಿಯನ್ನು ನನ್ನ ಕಿವಿಯ ಹಿಂದೆ ಒತ್ತಿ ಹಿಡಿಯುತ್ತೇನೆ. ಯಾವುದಾದರೂ ಪ್ರಶ್ನೆ ಕೇಳಲು ಶುರು ಮಾಡಿದರೆ ಪೂರ್ತಿ ಕೇಳುವ ಮೊದಲೇ ಎರಡು ಸಲ ತಟ್ಟಿ ಬಾಯಿ ಮುಚ್ಚಿಸುತ್ತೇನೆ. ಅದು ನಮ್ಮ ರಿಪೇರಿ ಮೇಜಿನ ಅಭ್ಯಾಸ. ದುರಸ್ತಿಗೆ ಬಂದ ಒಂದೊಂದು ಕನ್ನಡಕವೂ ಭಾಷೆ ಯಾವುದು, ಧ್ವನಿ ಗಂಡೋ ಹೆಣ್ಣೋ ಎಂದು ಹನ್ನೆರಡು ಪ್ರಶ್ನೆ ಕೇಳುತ್ತದೆ. ದಿನಕ್ಕೆ ಮೂವತ್ತು ಕನ್ನಡಕ. ಯಾರಿಗಿದೆ ತಾಳ್ಮೆ? ಟಪಟಪ ತಟ್ಟಿ ದಾಟಿಸುವುದನ್ನು ಹೊಸದಾಗಿ ಸೇರಿದವರಿಗೆ ಕಲಿಸಿದ್ದೂ ನಾನೇ.

ಉಳಿದವರ ದಾಖಲೆಯನ್ನೂ ತೆಗೆದೆ. ಎರಡು ಸಾವಿರದ ನೂರು ಕನ್ನಡಕಗಳಿಗೆ ಮೊದಲ ಅನುಮತಿ ಸಿಕ್ಕಿದ್ದು ಕಚೇರಿ ಸಮಯದಲ್ಲಿ, ನಮ್ಮ ಕಟ್ಟಡದೊಳಗೆ, ನಮ್ಮ ಮೇಜಿನ ಮೇಲೆ. ಕಣ್ಣಿಲ್ಲದವರು ಪಾಪ ಹೆದರಿಯಾದರೂ ತಟ್ಟಿದ್ದರು. ಕಣ್ಣಿದ್ದ ನಾವು ಕೇಳಿಸಿಕೊಳ್ಳದೆಯೇ ತಟ್ಟಿದ್ದೆವು.

ಯಾರಿಗೂ ಹೇಳಲಿಲ್ಲ. ನನಗೆ ಧೈರ್ಯವಾಗಲಿಲ್ಲ, ಅಷ್ಟೇ.

ಶನಿವಾರ ಹನ್ನೊಂದೂ ನಲವತ್ತಕ್ಕೆ ಅವರ ಚುಕ್ಕಿ ಅಂಗಡಿಯಿಂದ ಹೊರಬಿತ್ತು. ತಿದಿಗೆ ಚರ್ಮ ತರಲು ಹೋಗುವುದಾಗಿ ಬೆಳಿಗ್ಗೆಯೇ ಹೇಳಿದ್ದರು. ಚರ್ಮದಂಗಡಿ ಪೂರ್ವಕ್ಕಿದೆ, ಚುಕ್ಕಿ ಉತ್ತರಕ್ಕೆ ಹೊರಟಿತು. ಉತ್ತರಕ್ಕೆ ಇರುವುದು ರೈಲ್ವೆ ಗೇಟು.

ಫೋನ್ ಮಾಡಿದೆ. ರಿಂಗ್ ಆಗಲಿಲ್ಲ. ನಗುನಗುತ್ತಾ ಹುಡುಗಿಯೊಬ್ಬಳ ಧ್ವನಿ: "ನಿಮ್ಮ ಕರೆ ನಮಗೆ ಅಮೂಲ್ಯ. ಈ ಸಣ್ಣ ಸಂದೇಶದ ನಂತರ ಜೋಡಿಸಲಾಗುವುದು." ಆಮೇಲೆ ಹಾಸಿಗೆಯ ಜಾಹೀರಾತು. ದಾರಿಗಣ್ಣಿನಲ್ಲಿ ಒಂದು ಹೊತ್ತಿಗೆ ಒಂದೇ ಧ್ವನಿ ಮಾತಾಡಬಲ್ಲದು. ಜಾಹೀರಾತು ಮುಗಿಯುವ ತನಕ ನನ್ನ ಕರೆಯೂ ಹೋಗುವುದಿಲ್ಲ, "ನಿಲ್ಲಿ, ಮುಂದೆ ಹಳಿ" ಎನ್ನುವ ಮಾತೂ ಅವರಿಗೆ ಕೇಳುವುದಿಲ್ಲ. ಚುಕ್ಕಿ ಹಳಿಯಿಂದ ಅರವತ್ತು ಮೀಟರ್ ದೂರದಲ್ಲಿತ್ತು. ಪಕ್ಕದ ಪರದೆಯಲ್ಲಿ ರೈಲುಗಳ ಓಡಾಟವೂ ಕಾಣುತ್ತಿತ್ತು. ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿ ಎರಡು ನಿಮಿಷ ದೂರದಲ್ಲಿತ್ತು. ನಲವತ್ತು ಮೀಟರ್. ಇಪ್ಪತ್ತೈದು. ಹಾಸಿಗೆಗೆ ಹತ್ತು ವರ್ಷ ಗ್ಯಾರಂಟಿ ಎಂದಳು. ನಾನು ಆ ಧ್ವನಿಗೆ ಏನೇನು ಬೈದೆನೋ, ಕೇಂದ್ರದ ಅಷ್ಟೂ ಜನ ಎದ್ದು ನಿಂತರು.

ಹಳಿಗೆ ಆರು ಮೀಟರ್ ಇರುವಾಗ ಚುಕ್ಕಿ ನಿಂತಿತು. ರೈಲಿನ ಗೆರೆ ಅದರ ಮುಂದೆ ಹಾದು ಹೋಯಿತು. ಚುಕ್ಕಿ ಅಲ್ಲೇ ಇತ್ತು. ಆಮೇಲೆ ಕರೆ ಸೇರಿತು.

"ಹಳಿ ಹಾಡ್ತಿತ್ತು ಲೀಲಾ," ಎಂದರು. ಅವರ ಉಸಿರು ನನಗೆ ಕೇಳುತ್ತಿತ್ತು. "ಮಂದ್ರ ಪಂಚಮ. ಕಾಲಡಿಗೆ ಬಂತು. ಇವನು ಹಾಸಿಗೆ ಅಂಗಡಿಗೆ ನೇರ ಹೋಗಿ, ನೇರ ಹೋಗಿ ಅಂತಿದ್ದ. ನಾ ನಿಂತ್ಬಿಟ್ಟೆ."

ಮನೆಗೆ ಕರೆತಂದು ಕೂರಿಸಿದೆ. ಕೂರಿಸಿದ್ದು ಅದೇ ಕುರ್ಚಿಯಲ್ಲಿ, ನನಗೆ ಗೊತ್ತಿಲ್ಲದಂತೆ. ಅವರಿಗೆ ಗೊತ್ತಾಯಿತು. ಕೂತವರು ಎದ್ದು ನಿಂತರು.

"ಮನೇಲಿ ಕುಂದ್ರಿಸಬ್ಯಾಡ ನನ್ನ. ಸತ್ರೆ ದಾರಿ ಮೇಲೆ ಸಾಯ್ತೀನಿ, ಈ ಕುರ್ಚಿ ಮೇಲೆ ಬ್ಯಾಡ."

ಆಗ ಆದೇಶದ ವಿಷಯ ಹೇಳಿದೆ. ಸೋಮವಾರ ಹತ್ತು ಗಂಟೆ ಎಂದೆ. ಜುಲೈ ಹದಿನಾಲ್ಕರ ವಿಷಯ ಹೇಳಲಿಲ್ಲ.

ಬುಧವಾರ ಆಯುಧ ಪೂಜೆ. ದೇವರ ಮುಂದೆ ಮಣೆ ಹಾಕಿ ಅರ, ಸ್ಕ್ರೂಡ್ರೈವರ್, ಶ್ರುತಿಪೆಟ್ಟಿಗೆ, ನನ್ನ ಈಳಿಗೆ ಮಣೆ, ಕತ್ತರಿ ಎಲ್ಲ ಜೋಡಿಸಿ ಅರಿಶಿನ ಕುಂಕುಮ ಹಚ್ಚಿದೆ. ಚೆಂಡುಹೂವು ಏರಿಸುವಾಗ ಗೋಡೆಯ ಕಡೆಯಿಂದ ಕರಕರ ಸದ್ದು ಬಂತು. ನೋಡಿದರೆ ಅವರು ಗೂಡಿನ ಸ್ಕ್ರೂ ಬಿಚ್ಚುತ್ತಿದ್ದರು.

"ಅಯ್ಯೋ, ಏನ್ ಮಾಡ್ತಿದೀರಿ! ಗೂಡಿನ ವೈರ್ ಯಾವತ್ತೂ ತೆಗೀಬಾರದು!"

ಗೂಡಿನ ಮೇಲೆ ಕೆಂಪಕ್ಷರದಲ್ಲಿ ಹಾಗೆಂದು ಬರೆದಿದೆ. ಆ ಚೀಟಿ ಅಂಟಿಸುವುದು ನಮ್ಮ ಕೇಂದ್ರವೇ. ವೈರ್ ತೆಗೆದು ಹದಿನೈದು ಗಂಟೆಯಾದರೆ ಒಳಗಿನ ಸಣ್ಣ ಬ್ಯಾಟರಿ ಬರಿದಾಗಿ ಗೂಡು ಕಲಿತದ್ದನ್ನೆಲ್ಲ ಮರೆಯುತ್ತದೆ, ಚಾರ್ಜ್ ಮುಗಿದ ಕನ್ನಡಕವೂ ಹಾಗೆಯೇ. ಆರು ವರ್ಷದಲ್ಲಿ ಕಲಿತ ದಾರಿ, ಮುಖ, ಎಲ್ಲ. ಹೋದ ವರ್ಷದ ತನಕ ಪೂಜೆಗೆ ಕನ್ನಡಕ ಮಾತ್ರ ಇಡುತ್ತಿದ್ದೆವು, ಆರತಿಯಾದ ಮೇಲೆ ಎತ್ತಿಕೊಳ್ಳುತ್ತಿದ್ದೆವು.

"ಅರ ಇವತ್ತು ಮುಟ್ಟಲ್ಲ, ನಾಳೆ ತನಕ ಅದು ದೇವ್ರದ್ದು," ಎಂದರು. "ಇದು ಮಾತ್ರ ಯಾಕೆ ದುಡೀಬೇಕು? ಹೆಂಗೂ ಸೋಮವಾರ ಸಾಯೋ ವಸ್ತು. ಕುಂಕುಮ ಹಚ್ಚಿ ಒಂದಿನ ಮಲಗಸು. ನನಗೂ ಒಂದಿನ ಕಿವಿ ಬೇಕು."

ಜಗಳವಾಡಿದೆ. ಕೇಳಲಿಲ್ಲ. ಕೊನೆಗೆ ನಾನೇ ಕೋಪದಿಂದ ಗೂಡನ್ನೂ ಕನ್ನಡಕವನ್ನೂ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದೆ. ಆ ದಿನವಿಡೀ ಅವರು ನನ್ನ ಹೆಗಲು ಹಿಡಿದು ಓಡಾಡಿದರು. ಹೋಳಿಗೆ ಮೂರು ತಿಂದರು. ಮಧ್ಯಾಹ್ನ ಹಾರ್ಮೋನಿಯಂ ಮುಟ್ಟುವಂತಿಲ್ಲವೆಂದು ಬಾಯಲ್ಲೇ ಗುನುಗಿದರು. ಅವರು ಹಾಡಿದ್ದನ್ನು ನಾನು ಕೇಳಿ ಎಷ್ಟೋ ತಿಂಗಳಾಗಿತ್ತು, ಆದರೂ ನೆಮ್ಮದಿಯಿಂದ ಕೇಳಲಾಗಲಿಲ್ಲ.

ಗುರುವಾರ ವಿಜಯದಶಮಿ. ಬೆಳಿಗ್ಗೆ ಆರತಿ ಮಾಡಿ, ಗೂಡನ್ನು ಗೋಡೆಗೆ ಹಾಕಿ, ಎರಡು ಗಂಟೆ ಚಾರ್ಜ್ ಮಾಡಿ ಕನ್ನಡಕ ಕೊಟ್ಟೆ. ಹಾಕಿಕೊಂಡರು. ಗುಂಡಿಯ ಹೊರಮೈಗೆ ನಾನೂ ಕಿವಿ ಆನಿಸಿದೆ.

"ನಮಸ್ಕಾರ," ಎಂದಿತು ದಾರಿಗಣ್ಣು. "ನಿಮ್ಮ ಹೆಸರೇನು?"

ಆರು ವರ್ಷದ ಹಿಂದೆ ಮೊದಲ ದಿನ ಕೇಳಿದ ಪ್ರಶ್ನೆ ಅದು. "ಹಾಲಸ್ವಾಮಿ," ಎಂದರು.

"ನಮಸ್ಕಾರ ಹಾಲಸ್ವಾಮಿ. ನಿಮ್ಮ ಎದುರಿಗೆ ಒಬ್ಬರು ಹೆಂಗಸು ನಿಂತಿದ್ದಾರೆ. ಇವರು ಯಾರು?"

"ಇವಳು ಲೀಲಾ."

ಆಮೇಲೆ ಸದ್ದಿಲ್ಲ. ಕಾದೆವು. ಐದು ನಿಮಿಷ, ಹತ್ತು, ಅರ್ಧ ಗಂಟೆ. ಎಣ್ಣೆ ಇಲ್ಲ, ಹಾಸಿಗೆ ಇಲ್ಲ, ಏಳು ದೋಷ ಇಲ್ಲ.

ರಜೆಯಿದ್ದರೂ ಕಚೇರಿಗೆ ಓಡಿದೆ. ದಾಖಲೆ ನೋಡಿದರೆ ಅವರ ದಾರಿಗಣ್ಣು ತೊಳೆದಿಟ್ಟ ತಟ್ಟೆಯಂತೆ ಖಾಲಿ. ಆಗ ನನ್ನ ತಲೆಗೆ ಹೊಳೆಯಿತು. ನಾವು ಇಷ್ಟು ದಿನ ಕನ್ನಡಕವನ್ನು ಮಾತ್ರ ಅಳಿಸುತ್ತಿದ್ದೆವು. ಹಾಳು ಅನುಮತಿಗಳ ನಕಲು ಮನೆಯ ಗೂಡಿನಲ್ಲಿ ಉಳಿದಿರುತ್ತಿತ್ತು, ಅದು ಬೆಳಿಗ್ಗೆ ನಿಷ್ಠೆಯಿಂದ ವಾಪಸು ತುಂಬುತ್ತಿತ್ತು. ಗೂಡು ಅಳಿಸಿದ್ದರೆ ಕನ್ನಡಕ ಅದಕ್ಕೆ ತುಂಬುತ್ತಿತ್ತು. ಪ್ರಯೋಗ ಮಾಡಲು ನಾವು ಬಳಸುತ್ತಿದ್ದ ಕೇಂದ್ರದ ಗೂಡುಗಳೂ ನಮ್ಮದೇ ತಟ್ಟುವಿಕೆಯಿಂದ ಕೆಟ್ಟಿದ್ದವು. ಎರಡೂ ಒಟ್ಟಿಗೆ ಒಂದು ಹಗಲು ಒಂದು ರಾತ್ರಿ ಆರಿ ಹೋಗಬೇಕು, ಅಷ್ಟೇ ಇದಕ್ಕೆ ಮದ್ದು. ಅದನ್ನು ಯಾರೂ ಮಾಡದಂತೆ ಕೆಂಪಕ್ಷರದ ಚೀಟಿ ಅಂಟಿಸಿದ್ದೂ ನಾವೇ.

ಅಮಾನುಲ್ಲಾ ಸಾಹೇಬರಿಗೆ ಫೋನ್ ಮಾಡಿ ಕರೆಸಿದೆ. ಮದ್ದು ಹೇಳಿದೆ. ಅದರ ಜೊತೆ ರೋಗ ಹಬ್ಬಿದ ಬಗೆಯನ್ನೂ ಹೇಳಿದೆ, ಇನ್ನು ಮುಚ್ಚಿಡುವ ಶಕ್ತಿ ಇರಲಿಲ್ಲ.

"ಅದನ್ನ ಬರೆದು ಕೊಡಿ. ಆದರೆ ಸೋಮವಾರದ ನಂತರ," ಎಂದರು. "ಈಗ ಆರು ಸಾವಿರ ಜನಕ್ಕೆ ಸುದ್ದಿ ಮುಟ್ಟಿಸಿ."

ಮುಟ್ಟಿಸುವುದು ಸುಲಭ ಎಂದುಕೊಂಡಿದ್ದೆ. ಎಲ್ಲ ದಾರಿಗಣ್ಣುಗಳಿಗೂ ಕೇಂದ್ರದಿಂದ ಧ್ವನಿ ಸಂದೇಶ ಕಳಿಸಿದೆವು: "ನಿಮ್ಮ ದಾರಿಗಣ್ಣು ಅಪಾಯದಲ್ಲಿದೆ. ಕೂಡಲೇ ಗೂಡಿನ ವೈರ್ ತೆಗೆಯಿರಿ." ಒಂದು ಗಂಟೆ ಕಾದರೂ ನಕ್ಷೆಯಲ್ಲಿ ಒಂದು ಗೂಡೂ ಆರಲಿಲ್ಲ. ದೂರು ಕೊಟ್ಟವರ ಪಟ್ಟಿಯಲ್ಲಿ ಮೊದಲಿಗಿದ್ದ ಕೊಟ್ರಮ್ಮನಿಗೆ ಫೋನ್ ಮಾಡಿದೆ. ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಮಾರುವಾಕೆ.

"ಅಪಾಯದಾಗೈತಿ, ಕೂಡ್ಲೇ ಮಾಡು, ಹಿಂಗಂತ ದಿನಕ್ಕ ನೂರು ಸಲ ಕೇಳ್ತೀನಿ ನಾ," ಎಂದಳು. "ನೀನೂ ಅವರಾಕೀನೇ. ಇಡು ಫೋನು!"

ಅವಳದು ಸರಿಯಾಗಿಯೇ ಇತ್ತು. ನಮ್ಮ ಸಂದೇಶವನ್ನು ಮತ್ತೆ ಕೇಳಿದೆ. ಅವರ ಜಾಹೀರಾತಿಗೂ ನಮ್ಮ ಎಚ್ಚರಿಕೆಗೂ ಒಂದಕ್ಷರ ವ್ಯತ್ಯಾಸವಿರಲಿಲ್ಲ. ನಿಜ ಹೇಳುವ ದಾರಿಯನ್ನೂ ಕಳ್ಳರು ನಮ್ಮಿಂದ ಕಿತ್ತುಕೊಂಡಿದ್ದರು. ಮನೆಗೆ ಬಂದೆ.

ಅವರು ಜಗಲಿಯಲ್ಲಿ ಕೂತು ಮಡಿಲ ತುಂಬ ಬನ್ನಿ ಸೊಪ್ಪು ಇಟ್ಟುಕೊಂಡು ಎಸಳು ಬಿಡಿಸುತ್ತಿದ್ದರು. ನಮ್ಮಲ್ಲಿ ದಶಮಿಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಕೊಟ್ಟು ಬರುವ ರೂಢಿ. ವರ್ಷವಿಡೀ ಮಾತು ಬಿಟ್ಟವರೂ ಆ ದಿನ ಬಾಗಿಲು ತೆರೆಯಲೇಬೇಕು. ನಡೆದದ್ದನ್ನು ಹೇಳಿದೆ.

"ಧ್ವನಿ ನಂಬಲ್ಲ ಅವರು. ನಾನಾಗಿದ್ರೂ ನಂಬ್ತಿರ್ಲಿಲ್ಲ," ಎಂದರು. ಒಂದು ಎಸಳನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. "ಇದನ್ನ ಜಾಹೀರಾತಿನವ ಕೊಡಾಕಾಗುತ್ತಾ? ನಡಿ, ಆ ಕೊಟ್ರಮ್ಮನ ಮನೆ ತೋರಿಸು."

ಕೊಟ್ರಮ್ಮನ ಬಾಗಿಲು ತಟ್ಟಿದಾಗ ದೀಪ ಹಚ್ಚುವ ಹೊತ್ತು. "ಯಾರು?" ಎಂದಳು ಒಳಗಿನಿಂದ.

"ನಾನು ಹಾಲಸ್ವಾಮಿ, ಹಾರ್ಮೋನಿಯಂ ಅಂಗಡಿಯವ. ನನಗೂ ಕಣ್ಣಿಲ್ಲ. ಬನ್ನಿ ಕೊಡಾಕೆ ಬಂದೀನಿ."

ಬಾಗಿಲು ತೆರೆಯಿತು. ಎಸಳನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದಳು. "ಬನ್ನಿ ತಗೊಂಡು ಬಂಗಾರದಂಗ ಇರಾಣ್ರಿ," ಎಂದು ತಾನೂ ಎರಡೆಸಳು ಕೊಟ್ಟಳು. ಅವರು ತಮ್ಮ ಕತೆಯನ್ನೆಲ್ಲ ಹೇಳಿದರು, ಗೇಟಿನ ವಿಷಯ, ಪೂಜೆಯ ವಿಷಯ. ಕೊಟ್ರಮ್ಮ ಕೈ ಚಾಚಿ ಅವರ ಕನ್ನಡಕದ ಗುಂಡಿಗೆ ಕಿವಿಯಿಟ್ಟು ಕೇಳಿದಳು. ಅಲ್ಲಿ ಮೌನವಿತ್ತು. ಆಮೇಲೆ ನನ್ನ ಕಡೆ ಮುಖ ತಿರುಗಿಸಿದಳು.

"ನೀನು ಕೇಂದ್ರದಾಕಿ ಅಲ್ಲೇನು? ಒಂದು ಮಾತು ಹೇಳು. ನಂದು ಜೂನ್‌ನಾಗ ನಿಮ್ಮಲ್ಲಿ ರಿಪೇರಿಗೆ ಬಂದಿತ್ತು. ಆಮ್ಯಾಲೆ ಈ ಕಾಟ. ನಾ ಯಾವತ್ತೂ ಎರಡು ಸಲ ತಟ್ಟಿದಾಕಿ ಅಲ್ಲ. ಯಾರು ತಟ್ಟಿದ್ರು?"

ಪಕ್ಕದಲ್ಲಿ ನನ್ನ ಗಂಡ ನಿಂತಿದ್ದರು. ಸುಳ್ಳು ಹೇಳಲು ಎರಡು ಸೆಕೆಂಡ್ ಸಾಕಿತ್ತು.

"ನಾವೇ ತಟ್ಟಿದ್ದು," ಎಂದೆ. "ಪೂರ್ತಿ ಕೇಳದೆ ತಟ್ಟಿದ್ವಿ. ಬೇಗ ಮುಗೀಲಿ ಅಂತ. ಇವರ ಕನ್ನಡಕಕ್ಕೂ ನಾನೇ ತಟ್ಟಿದ್ದು."

ಕೊಟ್ರಮ್ಮ ಬಾಗಿಲ ಚೌಕಟ್ಟು ಹಿಡಿದಳು. "ನಾಲ್ಕು ತಿಂಗಳು. ನನಗ ತಲಿ ಕೆಟ್ಟೈತಿ ಅಂತ ತಿಳ್ಕೊಂಡಿದ್ದೆ ನಾ. ಇಲ್ಲದ ಅಂಗಡಿ ಮುಂದ ಹೋಗಿ ನಿಲ್ತಿದ್ದೆ. ಸೊಸೀಗೂ ಹೇಳಿರ್ಲಿಲ್ಲ, ಎಲ್ಲಿ ಒಳಗ ಹಾಕಿ ಕೂಡಿಸ್ತಾಳೋ ಅಂತ."

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ನನ್ನ ಮಣಿಕಟ್ಟು ಹಿಡಿದು ಒಳಗೆ ಗೋಡೆಯ ತನಕ ಎಳೆದುಕೊಂಡು ಹೋಗಿ ಗೂಡಿನ ವೈರ್ ಮೇಲೆ ನನ್ನ ಕೈ ಇಟ್ಟಳು.

"ನಿನ್ನ ಕೈಲೇ ಕೀಳು. ನಾಳೆ ಸಂಜೀಕ ನೀನೇ ಬಂದು ಹಚ್ಚು. ಬ್ಯಾರೆಯವರನ್ನ ಕಳಿಸಬ್ಯಾಡ."

ಕಿತ್ತೆ.

ಹೊರಗೆ ಬಂದ ಮೇಲೆ ಅವರು ಕೇಳಿದರು, "ಯಾವತ್ತು ಗೊತ್ತಾತು ನಿನಗೆ?"

"ಹೋದ ಶುಕ್ರವಾರ."

"ಶನಿವಾರ ಹಳಿ ಮುಂದೆ ನಿಂತಿದ್ನಲ್ಲ, ಅವಾಗ ಗೊತ್ತಿತ್ತು."

"ಗೊತ್ತಿತ್ತು."

ಅವರು ನನ್ನ ಹೆಗಲ ಮೇಲಿದ್ದ ಕೈ ತೆಗೆದು ಒಬ್ಬರೇ ಮುಂದೆ ನಡೆದರು. ಹೊಸದಾಗಿ ಹುಟ್ಟಿದ ದಾರಿಗಣ್ಣು, ಗೊತ್ತಿಲ್ಲದ ಓಣಿ. ಎರಡು ಸಲ ಎಡವಿದರು. ಹಿಂದೆ ಹಿಂದೆ ಹೋದೆ, ಮುಟ್ಟಲು ಧೈರ್ಯ ಬರಲಿಲ್ಲ. ಓಣಿಯ ತುದಿಯಲ್ಲಿ ನಿಂತು, ನನ್ನ ಕಡೆ ತಿರುಗದೆಯೇ ಕೇಳಿದರು:

"ಬನ್ನಿ ಎಷ್ಟೈತಿ ಇನ್ನ?"

"ಒಂದು ಹಿಡಿ."

"ಸಾಲಲ್ಲ. ಇನ್ನಷ್ಟು ತಗೊಂಬಾ."

ಆ ರಾತ್ರಿಯೇ ಮೂವತ್ತೊಂದು ಸಿಬ್ಬಂದಿಯೂ ಬನ್ನಿ ಹಿಡಿದು ಹೊರಟರು. ಶುಕ್ರವಾರ ಸಂಜೆ ಕೊಟ್ರಮ್ಮನ ಗೂಡು ಹಚ್ಚಿದೆ. ಶನಿವಾರ ಅವಳೇ ಸೊಸೆಯನ್ನು ಕರೆದುಕೊಂಡು ಹದಿನಾರು ಮನೆಗೆ ಹೋದಳು. ಗುಣವಾದವರು ಗುಣವಾಗದವರ ಬಾಗಿಲಿಗೆ ಹೋದರು. ಭಾನುವಾರ ಸಂಜೆಗೆ ನಾಲ್ಕು ಸಾವಿರದ ಮುನ್ನೂರು ಗೂಡುಗಳು ಆರಿ, ಮತ್ತೆ ಹತ್ತಿ, ಹೆಸರು ಕೇಳಿದ್ದವು. ಉಳಿದ ಮನೆಗಳಲ್ಲೂ ಒಂದೊಂದಾಗಿ ಆರುತ್ತಿದ್ದವು. ಸೋಮವಾರ ಒಂಬತ್ತಕ್ಕೆ ಅಮಾನುಲ್ಲಾ ಸಾಹೇಬರು ಫೋನಿನಲ್ಲಿ "ಸರ್, ಸರ್" ಎನ್ನುತ್ತಾ ಹೊರಬಂದು ನನ್ನ ಕಡೆ ಕೈ ಎತ್ತಿದರು. ಆದೇಶಕ್ಕೆ ತಡೆ ಸಿಕ್ಕಿತ್ತು. ನಾನು ಬರೆದಿಟ್ಟ ತಪ್ಪೊಪ್ಪಿಗೆ ಅವರ ಮೇಜಿನ ಮೇಲಿತ್ತು, ಅದರ ಪರಿಣಾಮ ಏನಾದರೂ ಆಗಲಿ.

ಒಂಬತ್ತು ಹತ್ತಕ್ಕೆ ಚುಕ್ಕಿ ಮನೆ ಬಿಟ್ಟಿತು. ಗುರುವಾರದಿಂದ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡಿದ್ದರು. ಓಣಿ ದಾಟಿತು. ವೃತ್ತಕ್ಕೆ ಬಂದು ನಿಂತಿತು. ಒಂದು ನಿಮಿಷ. ಎರಡು ನಿಮಿಷ.

ಎಡಕ್ಕೆ ಹೊರಳಿತು.

ಎಲ್ಲೋ ಏನೋ ಉಳಿದುಹೋಗಿದೆ, ಬ್ಯಾಟರಿ ಪೂರ್ತಿ ಬರಿದಾಗಿರಲಿಲ್ಲವೇನೋ, ನಾಲ್ಕು ಸಾವಿರ ಜನಕ್ಕೂ ಸುಳ್ಳು ಹೇಳಿಬಿಟ್ಟೆನೇನೋ. ಫೋನ್ ಒತ್ತಿದೆ. ಮೊದಲ ರಿಂಗಿಗೇ ಎತ್ತಿದರು.

"ಎಡಕ್ಕೆ ಯಾಕೆ ಹೋದ್ರಿ? ಏನಂತಿದೆ ಅದು? ಅಲ್ಲೇ ನಿಲ್ಲಿ, ನಾನು ಬರ್ತೀನಿ!"

"ಗಾಬರಿ ಆಗಬ್ಯಾಡ," ಎಂದರು. ಧ್ವನಿಯಲ್ಲಿ ನಗು ಇತ್ತು, ನಾಲ್ಕು ದಿನದಿಂದ ನಾನು ಕಾದಿದ್ದ ನಗು. "ಅದು ಬಲಕ್ಕೆ ಹೋಗು ಅಂತೈತಿ. ನಾನೇ ಎಡಕ್ಕೆ ಹೊರಳಿದ್ದು. ನಾಲ್ಕು ದಿನ ಊರೆಲ್ಲ ತಿರುಗಿ ಚಪ್ಪಲಿ ಹರಿದೈತಿ ಲೀಲಾ. ಕೂಗಿ ಕೂಗಿ ಕರೀತಿದ್ನಲ್ಲ ಆ ಚಪ್ಪಲಿ ಅಂಗಡಿಯವ, ಇವತ್ತು ನಾನಾಗೇ ಹೊಂಟೀನಿ."